ಮಾವ ಬರೆದ ಕುರಿ ಪುಸ್ತಕ

೨೦೦೪ರ ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಮಾವ ಓದಲು ಕೊಟ್ಟಿದ್ದ ನೋಟ್ ಪುಸ್ತಕವನ್ನು ನಾನು ವಾಪಸ್ ಕೊಟ್ಟೆ. ಅದನ್ನು ತೆಗೆದುಕೊಂಡ ಬಲಗೈ ಚೆನ್ನಾಗಿ ನೆನಪಿದೆ. ತೋರುಬೆರಳು ಮೊದಲ ಗಿಣ್ಣಿನವರೆಗೆ ಮಾತ್ರ ಇತ್ತು. ಉಳಿದ ಬೆರಳುಗಳ ಉಗುರನ್ನು ಬುಡದವರೆಗೆ ಕತ್ತರಿಸಿದ್ದರು. ಅಂಗೈಯ ಗೆರೆಗಳಲ್ಲಿ ಯಾವ ಸೋಪಿಗೂ ಹೋಗದ ಗ್ರೀಸಿನ ಕಪ್ಪು ನಿಂತಿತ್ತು. ಆ ಕೈ ಪುಸ್ತಕದ ರಟ್ಟನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿತು. ಆಮೇಲೆ ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಓಡಿಸಿ, ಯಾವುದೂ ಹರಿದಿಲ್ಲ ಎಂದು ಖಾತ್ರಿ ಮಾಡಿಕೊಂಡಿತು.

“ಪೂರ್ತಿ ಓದ್ದಾ?” ಎಂದು ಮಾವ ಕೇಳಿದರು.

“ಓದಿದೆ ಮಾವ. ಇದು ಕುರಿ ಲೆಕ್ಕ ಅಲ್ವಾ? ನಾನು ಕೇಳಿದ್ದು ನಿಮ್ಮ ಸ್ಕ್ವಾಡ್ರನ್ ವಿಷಯ.”

ಮಾವ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡರು. “ಸರಿ ಬುಡಪ್ಪ” ಎಂದು ಒಳಗೆ ಹೋದರು.

ಅವರು ನನ್ನ ಅವ್ವನ ಚಿಕ್ಕಪ್ಪನ ಮಗ. ನನಗೆ ಮಾವ, ಅಪ್ಪನಿಗೆ ಬಾಮೈದ. ಮರಳವಾಡಿಯಿಂದ ಹಾರೋಹಳ್ಳಿಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗಿದ್ದ ನಮ್ಮ ಊರಿನಲ್ಲಿ ಎರಡು ಮನೆಗೂ ನಡುವೆ ಒಂದು ಗೋಡೆ ಮಾತ್ರ. ಹುಡುಗನಾಗಿದ್ದಾಗ ಕುರಿ ಕಾಯ್ದವರು, ಎಸ್ಸೆಸ್ಸೆಲ್ಸಿ ಮುಗಿಸಿ ವಾಯುಪಡೆಗೆ ಫಿಟ್ಟರ್ ಆಗಿ ಸೇರಿದರು. ಕಮಾಂಡೋಗಳನ್ನು ಶತ್ರುವಿನ ಬೆನ್ನ ಹಿಂದೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಎತ್ತಿಕೊಂಡು ಬರುವ ಒಂದು ಹೆಲಿಕಾಪ್ಟರ್ ಸ್ಕ್ವಾಡ್ರನ್ನಿನಲ್ಲಿ, ಅದು ಹುಟ್ಟಿದ ದಿನದಿಂದ ತಾವು ನಿವೃತ್ತರಾಗುವವರೆಗೆ ಇದ್ದರು. ಮದುವೆಯಾಗಲಿಲ್ಲ. ಇಷ್ಟನ್ನು ಮಾತ್ರ ಅವರು ಎಲ್ಲರಿಗೂ ಹೇಳುತ್ತಿದ್ದರು. ಇದಕ್ಕಿಂತ ಮುಂದೆ ಯಾರಾದರೂ ಕೇಳಿದರೆ ಎಡಗಿವಿಯನ್ನು ತೋರಿಸುತ್ತಿದ್ದರು. ಎಂಜಿನ್ ಸದ್ದಿಗೆ ಆ ಕಿವಿ ಹೋಗಿತ್ತು. ಬಲಗಿವಿ ಚೆನ್ನಾಗಿಯೇ ಇತ್ತು.

ಊರಿನವರಿಗೆ ಅವರು ಪೈಲಟ್. “ಇಮಾನ ಓಡುಸ್ತಿದ್ದೋರು” ಎಂದು ಹೊಸಬರಿಗೆ ಪರಿಚಯ ಮಾಡಿಕೊಡುತ್ತಿದ್ದರು. ಮಾವ ಪ್ರತಿ ಸಲವೂ ತಿದ್ದುತ್ತಿದ್ದರು: “ಓಡುಸ್ತಿರ್ನಿಲ್ಲ ಕಣಪ್ಪ. ಓಡಂಗೆ ಮಾಡ್ತಿದ್ದೆ.”

ನಾನಾಗ ಬೆಂಗಳೂರಿನ ಒಂದು ದಿನಪತ್ರಿಕೆಗೆ ಕನಕಪುರ ತಾಲ್ಲೂಕಿನ ವರದಿಗಾರ. ಇದ್ದದ್ದು ಕನಕಪುರದಲ್ಲಿ, ಊರಿಗೆ ಬರುತ್ತಿದ್ದದ್ದು ಭಾನುವಾರ. ಸ್ವಾತಂತ್ರ್ಯ ದಿನಕ್ಕೆ ನಿವೃತ್ತ ಸೈನಿಕರ ಬಗ್ಗೆ ಅರ್ಧ ಪುಟ ಬರೆಯಲು ಹೇಳಿದ್ದರು. ಅಂಥ ಸ್ಕ್ವಾಡ್ರನ್ನಿನ ಚರಿತ್ರೆ ನಮ್ಮ ಗೋಡೆಯ ಆಚೆಗೇ ಇರುವಾಗ ಬೇರೆ ಊರಿಗೆ ಏಕೆ ಹೋಗಬೇಕು ಎಂದು ಮಾವನನ್ನು ಕೇಳಿದೆ. “ಬಾಯಲ್ಲಿ ಹೇಳಂಗಿಲ್ಲ. ಹೇಳಲ್ಲ ಅಂತ ಸೈನ್ ಹಾಕಿವ್ನಿ” ಎಂದರು. ಆಮೇಲೆ ಏನೋ ಯೋಚಿಸಿ, ಟ್ರಂಕಿನಿಂದ ಉದ್ದನೆಯ ನೋಟ್ ಪುಸ್ತಕವೊಂದನ್ನು ತಂದು ಕೊಟ್ಟು, “ಓದ್ಕೊಂಡು ಕೊಡು” ಎಂದರು.

ನಾನು ಅದನ್ನು ಪತ್ರಿಕಾ ಪ್ರಕಟಣೆ ಓದುವಂತೆ ಓದಿದೆ: ಮೊದಲ ಎರಡು ಪುಟ, ಕೊನೆಯ ಎರಡು ಪುಟ. ಮೊದಲ ಪುಟದಲ್ಲಿ ಹೀಗಿತ್ತು: “ನಾಲ್ಕು ಕುರಿಯಿಂದ ಮಂದೆ ಕಟ್ಟಿದರು. ಎಲ್ಲವೂ ಹೊಸವು, ಎಲ್ಲಕ್ಕೂ ಕೆಮ್ಮು.” ಕೊನೆಯ ಪುಟದಲ್ಲಿ: “ಈಗ ಹದಿನಾಲ್ಕು ಇವೆ. ಹಳೆಯವು ಒಂದೂ ಇಲ್ಲ. ನಾನು ಹಟ್ಟಿ ಬಿಟ್ಟೆ.” ಕುರಿ ಸಾಕಿದ ಮನೆತನದ ಮನುಷ್ಯ, ವಯಸ್ಸಾದ ಮೇಲೆ ಹಳೆಯ ಮಂದೆಯನ್ನು ನೆನೆದು ಬರೆದಿಟ್ಟಿದ್ದಾರೆ ಎಂದುಕೊಂಡೆ. ಬೇರೊಬ್ಬ ನಿವೃತ್ತ ಸುಬೇದಾರರನ್ನು ಹುಡುಕಿ ಅರ್ಧ ಪುಟ ತುಂಬಿಸಿದೆ.

ಮಾವ ಕೆಲಸ ಮಾಡುವ ಕ್ರಮ ಊರಿಗೆಲ್ಲ ತಮಾಷೆಯಾಗಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಲಗೆ. ಅದರ ಮೇಲೆ ಪ್ರತಿ ಸ್ಪ್ಯಾನರಿನ, ಪ್ರತಿ ಸ್ಕ್ರೂಡ್ರೈವರಿನ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸಾಮಾನು ತೆಗೆದರೆ ಅದರ ನೆರಳು ಹಲಗೆಯ ಮೇಲೆ ಉಳಿಯುತ್ತಿತ್ತು. ಯಾರದೋ ಪಂಪ್‌ಸೆಟ್ ರಿಪೇರಿಗೆ ಹೋದರೆ, ಹೊರಡುವಾಗ ಎಣಿಕೆ, ಮುಗಿದ ಮೇಲೆ ಎಣಿಕೆ, ಮನೆಗೆ ಬಂದು ಹಲಗೆಗೆ ತೂಗುಹಾಕಿ ಮತ್ತೊಮ್ಮೆ ಎಣಿಕೆ. ಒಂದು ಸಲ ಹತ್ತನೇ ನಂಬರಿನ ಸ್ಪ್ಯಾನರ್ ಕಾಣದೆ, ಜೋಡಿಸಿ ಮುಗಿಸಿದ್ದ ಮೋಟಾರನ್ನು ಪೂರ್ತಿ ಬಿಚ್ಚಿದರು. ಅದು ಗದ್ದೆಯ ಯಜಮಾನನ ಜೇಬಿನಲ್ಲಿತ್ತು. ಬೆನ್ನು ಕೆರೆದುಕೊಳ್ಳಲು ತೆಗೆದುಕೊಂಡಿದ್ದನಂತೆ.

“ಒಳಗೆ ಏನೂ ಬುಟ್ಟಿಲ್ಲ ತಾನೆ?” ಇದು ಅವರ ಮಾತು. ಏನನ್ನು ಮುಚ್ಚುವಾಗಲೂ ಕೇಳುತ್ತಿದ್ದರು. ನೀರಿನ ತೊಟ್ಟಿಗೆ ಚಪ್ಪಡಿ ಎಳೆಯುತ್ತಿದ್ದ ಗಾರೆಯವನನ್ನು, ರಾಗಿ ತುಂಬಿಡುವ ಮಣ್ಣಿನ ವಾಡೆಯ ಬಾಯಿ ಮೆತ್ತುತ್ತಿದ್ದ ನನ್ನ ಅವ್ವನನ್ನು, ಹೊಟ್ಟೆ ಆಪರೇಷನ್ ಮಾಡಿ ಹೊರಬಂದ ಡಾಕ್ಟರನ್ನು ಕೂಡ. ಡಾಕ್ಟರಿಗೆ ಸಿಟ್ಟು ಬಂದಿತ್ತು. ನಾನು ವರದಿ ಬರೆದು ಪೆನ್ನು ಮುಚ್ಚಿದಾಗಲೂ ಕೇಳುತ್ತಿದ್ದರು. “ಇಲ್ಲ ಮಾವ” ಎನ್ನುತ್ತಿದ್ದೆ.

ಅಪ್ಪ ಅವರಿಗಿಂತ ಹತ್ತು ವರ್ಷ ದೊಡ್ಡವರು. ಹೊಲ, ಹಿಪ್ಪುನೇರಳೆ ತೋಟ, ಮೂವತ್ತರಷ್ಟು ಕುರಿ. ಕೈಗಾರಿಕಾ ಪ್ರದೇಶ ನಮ್ಮ ಊರಿನ ಗೋಮಾಳದ ಅಂಚಿಗೆ ಬರುತ್ತಿದ್ದ ವರ್ಷಗಳವು. ಸರ್ವೆಯವರು ನೆಟ್ಟ ಕಲ್ಲಿಗೆ ಕುರಿಗಳು ಮೈ ಉಜ್ಜಿಕೊಳ್ಳುತ್ತಿದ್ದವು. ನಾನು ಅಧಿಸೂಚನೆ, ಆಕ್ಷೇಪಣೆ, ಸಭೆ ಎಲ್ಲವನ್ನೂ ಬರೆಯುತ್ತಿದ್ದೆ. ನಾನು ಬರೆದ ಪೇಪರನ್ನು ಅಪ್ಪ ರೇಷ್ಮೆ ಹುಳುವಿನ ತಟ್ಟೆಗಳಿಗೆ ಹಾಸುತ್ತಿದ್ದರು. ಒಂದು ದಿನ ನನ್ನ ಹೆಸರು ಇದ್ದ ಸುದ್ದಿಯ ಮೇಲೆ ಹುಳುಗಳು ಸೊಪ್ಪು ತಿನ್ನುತ್ತಿದ್ದುದನ್ನು ತೋರಿಸಿದೆ. “ಒಳ್ಳೆ ಪೇಪರ್ ಕಣ್ಲಾ, ನೀರು ಚೆನ್ನಾಗಿ ಹೀರ್ತದೆ” ಎಂದರು.

ಸಂಜೆ ಕುರಿ ಹಟ್ಟಿಗೆ ಬರುವ ಹೊತ್ತಿಗೆ ಮಾವ ನಮ್ಮ ಜಗಲಿಗೆ ಬರುತ್ತಿದ್ದರು. ಅಪ್ಪ ಕುರಿಯನ್ನು ಎಣಿಸುತ್ತಿರಲಿಲ್ಲ. ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳಬಲ್ಲವರು. ಮಾವ ಎಣಿಸುತ್ತಿದ್ದರು. ತಪ್ಪದೆ, ದಿನವೂ, ಬೆರಳು ಮಡಿಸಿ.

೨೦೦೫ರ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಒಂದು ಕಡಿಮೆ ಬಂತು. “ಕಿವಿ ಹರುದಿರೋದು. ಬತ್ತದೆ ಬುಡು” ಎಂದರು ಅಪ್ಪ. ಮಾವ ಕೂರಲಿಲ್ಲ. ಗೋಮಾಳದ ಆಚೆ ಹೊಸ ಕಾರ್ಖಾನೆಯ ತಳಪಾಯಕ್ಕೆ ಗುಂಡಿ ತೋಡಿದ್ದ ಕಡೆಗೆ ಹೊರಟರು. ಭಾನುವಾರವಾಗಿದ್ದರಿಂದ ನಾನೂ ಅಪ್ಪನೂ ಹಿಂದೆ ಹೋದೆವು. ಇನ್ನೂ ಬೆಳಕಿತ್ತು. ಮೂರನೇ ಗುಂಡಿಯಲ್ಲಿ ಕುರಿ ಸಿಕ್ಕಿತು, ಕಾಲು ಉಳುಕಿತ್ತು. ಮಾವ ಗುಂಡಿಗೆ ಇಳಿದು ಅದನ್ನು ಎತ್ತಿಕೊಂಡರು, ಮೇಲೆ ಬರಲಿಲ್ಲ. ಅಲ್ಲೇ ಕೆಮ್ಮಣ್ಣಿನಲ್ಲಿ ಕುಳಿತು ಅಳತೊಡಗಿದರು.

“ಲೇ ಬಾಮೈದ, ಸಿಕ್ತಲ್ಲ! ಇನ್ಯಾಕ್ಲಾ ಅಳ್ತೀಯ?” ಎಂದರು ಅಪ್ಪ.

“ನಾನೇ ಸೈನ್ ಹಾಕಿ ಕಳ್ಸಿದ್ದು ಭಾವ” ಎಂದರು ಮಾವ. “ನಾನೇ ಸೈನ್ ಹಾಕಿ ಕಳ್ಸಿದ್ದು.”

ಈ ಮಾತು ನನಗೂ ಕೇಳಿಸಿತು. ಕುರಿಗೆ ಯಾರು ಸೈನ್ ಹಾಕುತ್ತಾರೆ ಎಂದು ಕೇಳಬೇಕಾದದ್ದು ನಾನು. ನಾನು ನೋಡುತ್ತಿದ್ದುದು ಗುಂಡಿಯ ಸುತ್ತ ಬೇಲಿ ಹಾಕಿಲ್ಲ ಎಂಬುದನ್ನು. ಮರುದಿನ ಅದನ್ನೇ ಬರೆದೆ. ಅಪ್ಪ ಕುರಿಯನ್ನೂ ಬಾಮೈದನನ್ನೂ ಮೇಲೆ ಎಳೆದುಕೊಂಡರು. ಮನೆಯವರೆಗೆ ಕುರಿಯನ್ನು ತಾವೇ ಹೊತ್ತರು.

ಅದಾಗಿ ಎರಡು ಮೂರು ಭಾನುವಾರದ ನಂತರ ಊರಿಗೆ ಹೋದಾಗ, ಜಗಲಿಯ ಮೇಲೆ ಆ ಉದ್ದನೆಯ ನೋಟ್ ಪುಸ್ತಕ ಬಿಚ್ಚಿಕೊಂಡಿತ್ತು. ಮಾವ ಓದುತ್ತಿದ್ದರು, ಅಪ್ಪ ಗೋಡೆಗೊರಗಿ ಕೇಳುತ್ತಿದ್ದರು. ಅಪ್ಪನ ಕಣ್ಣಲ್ಲಿ ನಗು ಉಕ್ಕಿ ನೀರು ಬಂದಿತ್ತು. ನನ್ನ ಮುಂದೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

“ಬಾ ಬಾ, ಓದಿರೋನು ಬಂದ” ಎಂದರು ಅಪ್ಪ. “ಲೇ, ಟಗರು ಯಾವತ್ತಾರ ಮರಿ ಹಾಕಿದ್ದ ಕಂಡಿದ್ದೀಯೇನ್ಲಾ?”

“ಇಲ್ಲ.”

“ಈ ಪುಸ್ತಕದಲ್ಲಿ ಟಗರಿನ ಹೊಟ್ಟೇಲಿ ಹದಿನಾರು ಮರಿ ಐತೆ. ಹೊಟ್ಟೆ ತುಂಬ ಸೀಮೆಎಣ್ಣೆ ಬ್ಯಾರೆ ಕುಡುದೈತೆ. ಹೊಳೆ ಮೇಲೆ ಹೋಗಿ, ಆಚೆ ದಡದಲ್ಲಿ ಮರಿ ಬುಟ್ಟು, ಹಗುರಾಗಿ ವಾಪಸ್ ಬಂದೈತೆ. ನೀನು ಓದ್ವಾಗ ಈ ಹಾಳೆ ಇರ್ನಿಲ್ವಾ?”

ನಾನು ಮಾವನ ಕಡೆ ನೋಡಿದೆ. ಅವರು ತಲೆ ತಗ್ಗಿಸಿ, ಅರ್ಧ ಬೆರಳಿನಿಂದ ಸಾಲಿನ ಜಾಗ ಹಿಡಿದುಕೊಂಡು ಕುಳಿತಿದ್ದರು. “ನಾನೇನೂ ಹೇಳ್ನಿಲ್ಲಪ್ಪ” ಎಂದರು. “ಕುರಿ ಅಂತ ಬರುದಿವ್ನಿ. ಕುರಿನೇ.”

ಕುರಿ ಎಂದರೆ ಹೆಲಿಕಾಪ್ಟರ್. ಟಗರು ಎಂದರೆ ಮುಂದೆ ಹೋಗುವ ಹೆಲಿಕಾಪ್ಟರ್. ಮರಿ ಎಂದರೆ ಅದರೊಳಗಿನ ಕಮಾಂಡೋಗಳು. ಹೊಳೆ ಗಡಿ, ತೋಳ ಶತ್ರು, ಸೀಮೆಎಣ್ಣೆ ಅದರ ಇಂಧನ. ಮಾವ ಇಪ್ಪತ್ತಕ್ಕೂ ಹೆಚ್ಚು ವರ್ಷ ಬ್ಯಾರಕ್ಕಿನ ಮಂಚದ ಮೇಲೆ ಕುಳಿತು ಇಡೀ ಸ್ಕ್ವಾಡ್ರನ್ನಿನ ಚರಿತ್ರೆಯನ್ನು ಕನ್ನಡದಲ್ಲಿ, ಕುರಿ ಕಾಯುವವರ ಮಾತಿನಲ್ಲಿ ಬರೆದಿದ್ದರು. ಯಾರಾದರೂ ತೆಗೆದು ನೋಡಿದರೆ ಊರಿನ ಮಂದೆಯ ನೆನಪು. ಕೊಟ್ಟ ಮಾತು ಮುರಿಯದೆ ಅದನ್ನು ಒಬ್ಬರಿಗೆ ತಲುಪಿಸಲು ಅವರಿಗಿದ್ದ ದಾರಿ ಒಂದೇ: ಓದಲು ಕೊಡುವುದು. ಮೊದಲು ನನಗೆ ಕೊಟ್ಟಿದ್ದರು.

ಅಪ್ಪನಿಗೆ ಕೂಡಿಸಿ ಓದುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ಆದರೆ ಯಾವ ಕುರಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಗೊತ್ತಿತ್ತು. ನಾನು ಹತ್ತನೇ ವಯಸ್ಸಿಗೇ ಕನಕಪುರದ ಹಾಸ್ಟೆಲ್ ಸೇರಿದವನು.

ಆ ಸಂಜೆಯೇ ಶೆಡ್ಡಿಗೆ ಹೋದೆ. ಮಾವ ಹಲಗೆಯ ಮುಂದೆ ನಿಂತು ಎಣಿಸುತ್ತಿದ್ದರು. ಮುಗಿಯುವವರೆಗೆ ಕಾದೆ.

“ಮಾವ, ಪುಸ್ತಕ ಇನ್ನೊಂದ್ಸಲ ಕೊಡಿ. ಪೂರ್ತಿ ಓದ್ತೀನಿ.”

“ಕೊಟ್ಟಿದ್ನಲ್ಲಪ್ಪ. ನೀನು ವಾಪಸ್ ಕೊಟ್ಟೆ.”

“ಗೊತ್ತಾಗಲಿಲ್ಲ ಮಾವ. ತಪ್ಪಾಯ್ತು.”

“ನಮ್ಮ ಸ್ಟೋರಲ್ಲಿ ಒಂದು ಕಾಯ್ದೆ ಇತ್ತು” ಎಂದರು. ಸಿಟ್ಟಿರಲಿಲ್ಲ, ಪಾಠ ಹೇಳುವ ದನಿ. “ಸಾಮಾನು ನಿಂಗೆ ಕೊಡ್ತಾರೆ. ನೋಡಿ, ನಂಗೆ ಬ್ಯಾಡ ಅಂತ ಸೈನ್ ಹಾಕಿ ವಾಪಸ್ ಕೊಟ್ರೆ, ಅದು ಇನ್ನೊಬ್ಬನ ಹೆಸರಿಗೆ ಹೋಯ್ತದೆ. ಅವನ ಕೈಯಿಂದ ಕಿತ್ತು ನಿಂಗೆ ಕೊಡಕಾಯ್ತದಾ?”

“ಇದು ಸ್ಟೋರ್ ಅಲ್ಲ ಮಾವ.”

“ಈಗ ಅದು ನಿಮ್ಮಪ್ಪನ ಹೆಸ್ರಲ್ಲೈತೆ. ಅವರನ್ನ ಕೇಳು.”

ಅಪ್ಪನನ್ನು ಕೇಳಿದೆ. “ಪೇಪರ್‌ನೋರಿಗೆ ಯಾಕ್ಲಾ ಕುರಿ ವಿಷ್ಯ?” ಎಂದರು.

ನಂತರದ ನಾಲ್ಕು ವರ್ಷಗಳನ್ನು ವರದಿ ಮಾಡುವುದು ಕಷ್ಟ, ಏಕೆಂದರೆ ಅದರಲ್ಲಿ ನಡೆದದ್ದು ಕಡಿಮೆ. ಪ್ರತಿ ಸಂಜೆ ಜಗಲಿಯ ಮೇಲೆ ಒಂದೆರಡು ಪುಟ. ಒಂದು ಸಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ನಾನು ಭಾನುವಾರಕ್ಕೆಂದು ಹೋಗುತ್ತಿದ್ದವನು ಬುಧವಾರವೂ ಹೋಗತೊಡಗಿದೆ. ಅಪ್ಪ ಊಟಕ್ಕೆ ಕುಳಿತಾಗ ಬೇಕೆಂದೇ ಒಂದು ತುಂಡು ಎಸೆಯುತ್ತಿದ್ದರು: “ಇವತ್ತು ಮಂಜಿನ ಬೆಟ್ಟಕ್ಕೆ ಹೋದೊ ಕಣ್ಲಾ. ಉಸ್ರು ಕಟ್ಟಿ ಎರಡು ಕುರಿ ಅಲ್ಲೇ ಮಲಗ್ಬುಟ್ಟೊ. ನಿಮ್ಮ ಮಾವ ಮೂರು ದಿನ ಬೆಟ್ಟದ ಮೇಲೆ ಕೂತು ಎಬ್ಬುಸ್ಕೊಂಡು ಬಂದವ್ನೆ.”

“ಆಮೇಲೆ?”

“ಆಮೇಲೆ ಒಸಿ ಸಾರು ಹಾಕು ಅಂತೀನಿ ನಿಮ್ಮವ್ವಂಗೆ.”

ಇನ್ನೊಂದು ದಿನ: “ಸಮುದ್ರದ ಮಧ್ಯ ಒಂದು ತಿಟ್ಟಿಗೆ ಹೋಗಿದ್ದೊ. ಉಪ್ಪು ಗಾಳಿಗೆ ಎಲ್ಲಾ ಕುರಿಗೂ ಚರ್ಮರೋಗ. ದಿನಾ ಸಿಹಿನೀರಲ್ಲಿ ಮೈ ತೊಳೀಬೇಕಂತೆ.” ಅಷ್ಟೇ. ಹೀಗೆ ಬಿದ್ದ ತುಂಡುಗಳನ್ನು ನಾನು ಕನಕಪುರದ ಬಾಡಿಗೆ ಕೋಣೆಯಲ್ಲಿ ಬರೆದಿಟ್ಟೆ. ಒಂದು ಸ್ಕ್ವಾಡ್ರನ್ನಿನ ಚರಿತ್ರೆಯಾಗಿ ನನ್ನ ಬಳಿ ಇದ್ದದ್ದು ಹನ್ನೊಂದು ತುಂಡು.

ಹೊಟ್ಟೆಕಿಚ್ಚು ಎಂಬ ಪದವನ್ನು ನಾನು ಸುದ್ದಿಯಲ್ಲಿ ಬಳಸಿದವನಲ್ಲ. ಇಲ್ಲಿ ಬೇರೆ ಪದವಿಲ್ಲ. ವರದಿಗಾರನಾಗಿ ನನಗೆ ಸಿಗಬೇಕಾದದ್ದು ಅಪ್ಪನಿಗೆ ಸಿಕ್ಕಿತ್ತು. ಮಗನಾಗಿ ಸಿಗಬೇಕಾದದ್ದು ಮಾವನಿಗೆ ಸಿಕ್ಕಿತ್ತು. ಇಬ್ಬರೂ ಒಂದೇ ಜಗಲಿಯ ಮೇಲೆ ಇದ್ದರು, ನನಗೆ ಇಬ್ಬರ ಮೇಲೂ ಒಟ್ಟಿಗೆ ಉರಿಯುತ್ತಿತ್ತು. ನನ್ನ ಪೇಪರ್ ಹುಳುವಿನ ತಟ್ಟೆಗೆ ಹೋಗುತ್ತಿತ್ತು. ಆ ನೋಟ್ ಪುಸ್ತಕವನ್ನು ಮಾತ್ರ ಅಪ್ಪ ಕೈ ತೊಳೆದು, ಪಂಚೆಯಲ್ಲಿ ಒರೆಸಿಕೊಂಡು ಮುಟ್ಟುತ್ತಿದ್ದರು.

ಒಂದು ಸಂಜೆ ನಾನು ಎರಡು ಮನೆಗಳ ನಡುವಿನ ಗೋಡೆಯ ಹಿಂದೆ ನಿಂತೆ. ಜೇಬಿನಲ್ಲಿ ನೋಟ್ ಪ್ಯಾಡ್ ಇತ್ತು. ಒಂದು ಸ್ಕ್ವಾಡ್ರನ್ನಿನ ರಹಸ್ಯ ಕದಿಯಲು ಬಂದವನು ಸಿಗರೇಟು ಹಚ್ಚಬಾರದು, ಅಭ್ಯಾಸಬಲದಿಂದ ಹಚ್ಚಿದೆ. ಮಾವನ ಓದು ಕೇಳಿಸುತ್ತಿತ್ತು: “ಬೆಳಗಾಗುವ ಮುಂಚೆ ಐದು ಹೋದವು. ಮೋಡ ನೆಲಕ್ಕೆ ಇಳಿದಿತ್ತು. ನಾಲ್ಕು...” ಅಲ್ಲಿಗೆ ಓದು ನಿಂತಿತು.

“ಭಾವ” ಎಂದರು ಮಾವ, “ಗೋಡೆ ಹಿಂದೆ ಒಂದು ತೋಳ ನಿಂತದೆ.”

“ಎಂಥ ತೋಳಾನ್ಲಾ?”

“ಫಿಲ್ಟರ್ ಸಿಗರೇಟ್ ಸೇದೋ ತೋಳ.”

ಅಪ್ಪನ ನಗು ನಾನು ರಸ್ತೆ ಸೇರುವವರೆಗೂ ಕೇಳಿಸಿತು. ಅವತ್ತು ಊಟಕ್ಕೆ ನಿಲ್ಲದೆ ಕೊನೆಯ ಬಸ್ಸಿಗೆ ಹೋದೆ. ಒಂದೂವರೆ ತಿಂಗಳು ಊರಿಗೆ ಬರಲಿಲ್ಲ.

ಮತ್ತೆ ಬಂದಾಗ ಗೋಮಾಳಕ್ಕೆ ತಂತಿ ಬೇಲಿ ಬಿದ್ದಿತ್ತು. ಅಪ್ಪ ಏಳು ಕುರಿ ಇಟ್ಟುಕೊಂಡು ಉಳಿದವನ್ನು ಕೊಟ್ಟುಬಿಟ್ಟಿದ್ದರು. ಮಾವ ಬಸ್ ನಿಲ್ದಾಣಕ್ಕೇ ಬಂದಿದ್ದರು, ಯಾರು ಹೇಳಿದ್ದರೋ ಗೊತ್ತಿಲ್ಲ. ಮನೆಯವರೆಗೆ ಜೊತೆಗೆ ನಡೆದರು. ಬಾಗಿಲ ಹತ್ತಿರ ನಿಂತು, “ಐದು ಹೋದೊ, ನಾಲ್ಕು ಬಂದೊ. ಅವತ್ತು ನೀನು ಕೇಳ್ದೆ ಹೋದೆಯಲ್ಲ, ಅದು ಅಷ್ಟೇ” ಎಂದರು.

“ಬರದೇ ಇದ್ದದ್ದಕ್ಕೆ ನೀವೇ ಸೈನ್ ಹಾಕಿದ್ರಾ ಮಾವ?”

ಅವರು ಕಿವುಡು ಕಿವಿಯನ್ನು ನನ್ನ ಕಡೆ ತಿರುಗಿಸಿದರು.

ಉಳಿದದ್ದನ್ನು ಅಪ್ಪ ಹೇಳಿದರು, ಬಹಳ ದಿನದ ಮೇಲೆ. ಹಾರುವ ಮುಂಚೆ ಯಂತ್ರವನ್ನು ಪರೀಕ್ಷಿಸಿ ಸರಿಯಿದೆ ಎಂದು ಸಹಿ ಹಾಕಿದವರು ಮಾವ. ತಪ್ಪು ಯಂತ್ರದ್ದಲ್ಲ, ಮೋಡದ್ದು ಎಂದು ವಿಚಾರಣೆಯಲ್ಲಿ ಹೇಳಿದರಂತೆ. ಮಾವ ಅದನ್ನೂ ಬರೆದಿದ್ದಾರೆ, ಕೆಳಗೆ ಒಂದು ಸಾಲು ಸೇರಿಸಿದ್ದಾರೆ: “ಸಾಮಾನು ಎಣಿಸಿದೆ. ಎಲ್ಲ ಇದ್ದವು. ಮತ್ತೆ ಎಣಿಸಿದೆ.” ಆ ಸಾಲು ಎಷ್ಟು ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ ಎಂದು ಕೇಳಿದೆ. ಅಪ್ಪ ಎದ್ದು ಕುರಿಗೆ ನೀರಿಡಲು ಹೋದರು.

ಮಾವ ೨೦೦೯ರ ಮಳೆಗಾಲದ ಆರಂಭದಲ್ಲಿ ತೀರಿಕೊಂಡರು. ಹಿಂದಿನ ಸಂಜೆ ಕುರಿ ಎಣಿಸಿ, ಏಳು ಸರಿಯಿದೆ ಎಂದು ಹೇಳಿ ಹೋಗಿದ್ದರು. ಬೆಳಿಗ್ಗೆ ಏಳಲಿಲ್ಲ. ಶೆಡ್ಡಿನ ಹಲಗೆಯ ಮೇಲೆ ಎಲ್ಲ ಸಾಮಾನೂ ಅದರದರ ನೆರಳಿನ ಮೇಲಿತ್ತು.

ಮಣ್ಣು ಮಾಡಿದ್ದು ಅವರ ಹೊಲದ ಬದುವಿನಲ್ಲಿ. ಗುಂಡಿ ತೋಡಲು ಅಪ್ಪ ಶೆಡ್ಡಿನಿಂದ ಎರಡು ಗುದ್ದಲಿ, ಒಂದು ಹಾರೆ, ಎರಡು ಸನಿಕೆ ತೆಗೆದುಕೊಟ್ಟಿದ್ದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದ ಮೇಲೆ, ಸನಿಕೆಯಲ್ಲಿ ಮಣ್ಣೆಳೆದು ಗುಂಡಿಯನ್ನು ಅರ್ಧ ಮುಚ್ಚಿದ್ದರು. ಅಪ್ಪ ಕೈ ಎತ್ತಿ ನಿಲ್ಲಿಸಿದರು.

“ಒಳಗೆ ಏನೂ ಬುಟ್ಟಿಲ್ಲ ತಾನೆ?”

ಯಾರೋ ನಗಲು ಹೋಗಿ ನಿಲ್ಲಿಸಿದರು. “ಏನ್ ಬುಡ್ತೀವಿ ಗೌಡ್ರೆ” ಎಂದು ಗುಂಡಿ ತೋಡಿದವನು ಹೇಳಿದ.

“ಎಣ್ಸಿ” ಎಂದರು ಅಪ್ಪ.

ಗುದ್ದಲಿ ಎರಡು, ಸನಿಕೆ ಎರಡು. ಹಾರೆ ಇರಲಿಲ್ಲ. ಬದುವಿನ ಮೇಲೆ ನೋಡಿದೆವು, ಮಣ್ಣಿನ ಗುಡ್ಡೆ ಕೆದಕಿದೆವು. ಕೊನೆಗೆ ಗುಂಡಿ ತೋಡಿದವನೇ ನೆನಪು ಮಾಡಿಕೊಂಡ: ಹೆಣ ಇಳಿಸುವಾಗ ಕಾಲಿನ ಕಡೆ ಗುಂಡಿಯ ಗೋಡೆಗೆ ಒರಗಿಸಿದ್ದ, ಅದು ಜಾರಿ ಒಳಗೆ ಬಿದ್ದಿರಬೇಕು. ಹಾಕಿದ್ದ ಮಣ್ಣನ್ನು ಆ ಮೂಲೆಯಲ್ಲಿ ಮತ್ತೆ ತೆಗೆದರು. ಹಾರೆ ಅಲ್ಲಿತ್ತು. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಟವೆಲಿನಿಂದ ಒರೆಸಿದರು. “ಈಗ ಮುಚ್ಚಿ” ಎಂದರು. ಸಂಜೆ ಐದನ್ನೂ ಶೆಡ್ಡಿಗೆ ತಂದಿಟ್ಟು ಬಾಗಿಲು ಹಾಕಿದರು.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ. ಕೈಗೆ ಬಂದ ಕಾಗದ ಯಾವುದೇ ಆಗಲಿ, ಕೊನೆಯ ಪುಟದವರೆಗೆ, ನಡುವಿನ ಪುಟಗಳನ್ನೂ ಓದುತ್ತೇನೆ. ಸುದ್ದಿ ಕಳಿಸುವ ಮುಂಚೆ ಮಾವನ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುತ್ತೇನೆ. ಎರಡು ಸಲ ಅದರಿಂದ ದೊಡ್ಡ ತಪ್ಪು ತಪ್ಪಿದೆ.

ಮಾವನ ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಅಪ್ಪನ ಹತ್ತಿರ ಪುಸ್ತಕ ಕೇಳಿದ್ದೆ, ಕೊಡಲಿಲ್ಲ. ವರ್ಷದ ಕೊನೆಗೆ ಮತ್ತೆ ಕೇಳಿದೆ. ಆಗ ಅಪ್ಪ ಅದನ್ನು ಟ್ರಂಕಿನಿಂದ ತೆಗೆದು, ಕೊನೆಯ ಪುಟ ಮಾತ್ರ ಬಿಚ್ಚಿ, ಉಳಿದದ್ದನ್ನು ಅಂಗೈಯಲ್ಲಿ ಒತ್ತಿ ಹಿಡಿದು ತೋರಿಸಿದರು. “ನಾನು ಹಟ್ಟಿ ಬಿಟ್ಟೆ” ಎಂಬ ಮಾವನ ಸಾಲಿನ ಕೆಳಗೆ, ಪೆನ್ಸಿಲ್ಲಿನಲ್ಲಿ, ಕೂಡಿಸಿ ಕೂಡಿಸಿ ಬರೆದ ಅಪ್ಪನ ಅಕ್ಷರವಿತ್ತು: “ಏಳೂ ಬಂದವು. ಎಣಿಸೋನು ಬರಲಿಲ್ಲ.”

“ಮಿಕ್ಕಿದ್ದು?” ಎಂದೆ.

“ನೀನು ಆಗ್ಲೇ ಓದ್ಬುಟ್ಟು ವಾಪಸ್ ಕೊಟ್ಟಿದ್ದೀಯಲ್ಲ” ಎಂದರು ಅಪ್ಪ.

ಪುಸ್ತಕ ಟ್ರಂಕಿನಲ್ಲಿದೆ. ಬೀಗದ ಕೈ ಅಪ್ಪನ ಉಡಿದಾರದಲ್ಲಿದೆ.